ಗೇರಿಗಿಂತ ಮೊದಲು ಬ್ರೇಕ್

ಮಲಕಾರಿ,

ನಿಪ್ಪಾಣಿಯಿಂದ ತಂದ ಸೈಕಲ್ ಗೇರನ್ನು ಕಟ್ಟೆಯ ಮೇಲಿಟ್ಟು, ಮೊದಲು ಇದನ್ನು ಓದು.

ಸೈಕಲ್ ಹುಡುಕಬೇಡ. ಅಪ್ಪನ ಸೈಕಲ್ ಪಂಕ್ಚರ್ ಆಗಿತ್ತು. ನಾನು ಹಿತ್ತಲಲ್ಲಿ ಹಾಲು ಹಿಂಡುತ್ತಿದ್ದಾಗ ಅವನು ನಿನ್ನ ದಪ್ಪ ಟೈರಿನ ಸೈಕಲ್ ಏರಿ ಹೊಳೆಯಾಚೆಯ ಭೋಜ ಊರಿಗೆ ಹೊರಟುಬಿಟ್ಟ. ಗೇರು ಕೂಡಿಸಲೆಂದು ನೀನು ಎರಡೂ ಬ್ರೇಕಿನ ತಂತಿ ಬಿಚ್ಚಿದ್ದು ಅವನಿಗೆ ಗೊತ್ತಿಲ್ಲ.

ನಾನು ಹೇಳಿ ಹೇಳಿ ಸಾಕಾಗಿತ್ತು. ಮೊದಲು ಹೊಸ ಬ್ರೇಕ್ ಹಾಕಿಸು, ಆಮೇಲೆ ಸವೆದ ಟೈರು ಬದಲಿಸು, ಗೇರು ಕಡೆಗಿರಲಿ ಎಂದೆ. "ಏರು ಹತ್ತಾಕ ಗೇರ ಬೇಕಬೇ ಅಕ್ಕಾ, ಇಳಿಯಾಕ ಏನೂ ಬ್ಯಾಡ" ಅಂತ ನಕ್ಕೆ ನೀನು.

ಈಗಷ್ಟೇ ಲಗಮವ್ವತ್ತಿ ಓಡಿ ಬಂದಳು. "ನಿಮ್ಮಪ್ಪ ಹೊಳಿ ಇಳಕಲಿನ್ಯಾಗ ಬಾಜೂಕ ಸರೀರಿ, ಸರೀರಿ ಅಂತ ಒದರಕೋತ ಹೋದ. ನಿಂದ್ರಲೇ ಇಲ್ಲವ್ವಾ" ಎಂದಳು. ಆ ಇಳಿಜಾರಿನ ಕೊನೆಗಿರುವ ಸೇತುವೆಯ ಅಂಚಿನವರೆಗೆ ನೀರು ಬಂದಿದೆ. ಅದಕ್ಕೆ ತಡೆಗೋಡೆಯೂ ಇಲ್ಲ.

ನಾನು ಹೊಳೆಗೆ ಹೊರಟೆ. ನೀನು ಬಾವಿಯ ಹಗ್ಗ ಬಿಚ್ಚಿಕೊಂಡು, ಹಾಲಸಿದ್ದ ಕಾಕಾನನ್ನು ಕರೆದುಕೊಂಡು ಬೇಗ ಬಾ. ಎಮ್ಮೆಗೆ ಮೇವು ಹಾಕಿದ್ದೇನೆ.

ಅವ್ವ ಮಲಗಿದ್ದಾಳೆ. ಎದ್ದು ಕೇಳಿದರೆ, ಅಪ್ಪ ಇವತ್ತು ಭೋಜದಲ್ಲೇ ಉಳಿಯುತ್ತಾನಂತೆ ಅನ್ನು. ಹೇಳುವಾಗ ಅವಳ ಮುಖ ನೋಡಬೇಡ.

ಸತ್ತೆವ್ವ