ಪೆಪ್ಪಾ ಚಿಕ್ಕಮ್ಮನ ಮಹಡಿ ಕೋಣೆ

ಚೆಫಾಲೂ, ಸಿಸಿಲಿ
ಅಕ್ಟೋಬರ್ 14, 2011

ಪ್ರೀತಿಯ ರೊಸಾಲ್ಬಾ,

ನೀನೂ ನಿನ್ನ ಯಜಮಾನರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಒದ್ದೆ ಹಾಸಿಗೆ ಬಟ್ಟೆ ಎತ್ತುವಾಗ ಬಲಗೈ ಮಣಿಕಟ್ಟು ಉಳುಕಿ ಪೆನ್ನು ಹಿಡಿಯಲಾಗಲಿಲ್ಲ.

ಹೌದು, ನಿಮ್ಮ ಮನೆಯಲ್ಲಿ ಈಗ ನಾನೇ ಕೆಲಸ ಮಾಡುವುದು. ನಿಮ್ಮಣ್ಣನಿಂದ ಅದನ್ನು ಕೊಂಡ ಕಲೋಜೆರೊ ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾನೆ. ಪಲೆರ್ಮೊದವನು, ಬಾಯಿ ದೊಡ್ಡದು, ಮನಸ್ಸು ಒಳ್ಳೆಯದು. "ವೆನೆರಕ್ಕ, ಒಂದೇ ಕೈಯಲ್ಲೂ ನೀನು ನನ್ನ ಹೆಂಡ್ತಿಗಿಂತ ಚೆನ್ನಾಗಿ ಹಾಸಿಗೆ ಹಾಸ್ತೀಯ" ಅಂದ. "ಅವಳ ಮುಂದೆ ಹೇಳು ನೋಡೋಣ" ಅಂದೆ.

ಓಣಿ ತುಂಬ ಮೂರು ದಿನದ ಜನ. ಶುಕ್ರವಾರ ಬರುತ್ತಾರೆ, ಚರ್ಚು ನೋಡುತ್ತಾರೆ, ಬಂಡೆ ಹತ್ತುತ್ತಾರೆ, ನಾವು ಒಣಹಾಕಿದ ಬಟ್ಟೆಯ ಫೋಟೋ ತೆಗೆಯುತ್ತಾರೆ, ಸೋಮವಾರ ಹೋಗುತ್ತಾರೆ. ಮಿಲಾನಿನ ಒಬ್ಬಳು ಕೇಳಿದಳು: "ಇಷ್ಟು ಚಂದದ ಊರಲ್ಲಿ ನೀವೆಲ್ಲ ದಿನವಿಡೀ ಏನ್ಮಾಡ್ತೀರಿ?" "ನೀವು ಮಲಗಿದ ಬಟ್ಟೆ ಒಗೀತೀವಿ" ಅಂದೆ. ಅವಳೂ ನಕ್ಕಳು.

ನಿನ್ನಮ್ಮನ ಕೊನೆಯ ದಿನಗಳು ಹೇಗಿದ್ದವು ಎಂದು ಕೇಳಿದ್ದೀಯ. ಮೂರು ವರ್ಷದಲ್ಲಿ ಇದೇ ಮೊದಲು ಕೇಳಿದ್ದು, ಆದ್ದರಿಂದ ಮುಚ್ಚಿಡದೆ ಹೇಳುತ್ತೇನೆ.

ಪೆಪ್ಪಾ ಚಿಕ್ಕಮ್ಮ ಇಪ್ಪತ್ತು ದಿನ ಹಾಸಿಗೆ ಹಿಡಿದಿದ್ದರು. ಮಹಡಿ ಕೋಣೆಯಲ್ಲೇ ಇರುತ್ತೇನೆಂದು ಹಟ. ದಿನಾ ಸಾರು ಒಯ್ಯುತ್ತಿದ್ದೆ. "ಉಪ್ಪು ಹಾಕೋಕೆ ನಿಮ್ಮಮ್ಮ ಕಲಿಸಲಿಲ್ವೇನೇ" ಎಂದು ಬೈದು ಬಟ್ಟಲು ಖಾಲಿ ಮಾಡುತ್ತಿದ್ದರು. ನೋವು ಹೆಚ್ಚಿರಲಿಲ್ಲ. ಹೋಗುವ ಹಿಂದಿನ ದಿನ ನಾನು ನಿನ್ನ ಮೇಲೆ ರೇಗಿದೆ: "ಇನ್ನೂ ಬರಲಿಲ್ಲ ನೋಡಿ ನಿಮ್ಮ ಮಗಳು." ಅವರು ನನ್ನ ಏಪ್ರನ್ನಿನ ತುದಿ ಹಿಡಿದು ಹೇಳಿದರು: "ಅವಳ ಗಂಡನೂ ಮಲಗಿದಾನಲ್ಲೇ. ನನಗೆ ನೀನಿದೀಯ. ಅವನಿಗೆ ಅಲ್ಲಿ ಯಾರಿದಾರೆ?" ಬೆಳಿಗ್ಗೆ ದೋಣಿಗಳು ವಾಪಸು ಬರುವ ಹೊತ್ತಿಗೆ ಉಸಿರು ನಿಂತಿತ್ತು.

ಮಣ್ಣು ಮಾಡಿ ಬರುವಾಗ ಓಣಿಯ ಹೆಂಗಸರು ನಿನ್ನನ್ನು ಬಾಯಿಗೆ ಬಂದ ಹಾಗೆ ಆಡಿಕೊಂಡರು. ಅದೇ ವಾರ ಆಸ್ಪತ್ರೆಯಲ್ಲಿ ನಿನ್ನ ಗಂಡನ ಎದೆ ಕೊಯ್ದಿದ್ದರೆಂದು ನನಗೊಬ್ಬಳಿಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಿನ್ನ ಕೆಲಸವನ್ನು ನಾನು ಮಾಡಿದೆನೆಂಬ ಸಿಟ್ಟು ನನ್ನಲ್ಲೂ ಇತ್ತು. ಅಂದಿನಿಂದ ನಿನ್ನ ಹೆಸರು ಈ ಓಣಿಯಲ್ಲಿ ಕೆಟ್ಟಿದ್ದರೆ ಅದರಲ್ಲಿ ನನ್ನ ಪಾಲೂ ಇದೆ.

ಮಾತೆ ಮಡೋನ್ನಾ ನಿಮ್ಮಿಬ್ಬರನ್ನೂ ಕಾಪಾಡಲಿ. ಸ್ಟುಟ್‌ಗಾರ್ಟಿನ ಚಳಿಯಲ್ಲಿ ಎದೆ ಬೆಚ್ಚಗಿಟ್ಟುಕೋ.

ನಿನ್ನ
ವೆನೆರಾ

ತಾ.ಕ.: "ಅಮ್ಮ ಹೋದ ಮೇಲೆ ಊರಿಗೆ ಬರಲು ಆಗಿಯೇ ಇಲ್ಲ" ಎಂದು ಬರೆದಿದ್ದೀಯ. ಆ ಕಾಗದ ಬರುವ ಮುಂಚೆ, ಸೆಪ್ಟೆಂಬರ್ ಮೊದಲಲ್ಲಿ, ಕಲೋಜೆರೊ ನನಗೆ ಹೇಳಿದ: "ಮಹಡಿ ಕೋಣೆಗೆ ಸ್ಟುಟ್‌ಗಾರ್ಟಿಂದ ಬಾವರ್ ಅನ್ನೋ ಹೆಂಗಸು ಬಂದಿದಾಳೆ, ಮೂರು ರಾತ್ರಿಗೆ. ನಮ್ಮ ಭಾಷೆ ಒಂದು ಮಾತೂ ಬರಲ್ಲ, ಪಾಪ." ನಿನ್ನ ಗಂಡನ ಮನೆತನದ ಹೆಸರು ನಾನು ಮರೆತಿಲ್ಲ. ಶನಿವಾರ ಸಂಜೆ ಹಳೆಯ ಒಗೆಯುವ ಕಟ್ಟೆಯ ಮೆಟ್ಟಿಲಲ್ಲಿ ನೀನು ಎದುರಾದೆ, ದೊಡ್ಡ ಟೋಪಿ, ಕಪ್ಪು ಕನ್ನಡಕ. ಪ್ರವಾಸಿಗಳಿಗೆ ಹೇಳುವ ಹಾಗೆ "ಶುಭಸಂಜೆ, ಮೇಡಂ" ಅಂದೆ. ನೀನು ಜರ್ಮನ್‌ನಲ್ಲಿ ಉತ್ತರ ಕೊಟ್ಟೆ. ಆ ಮೂರು ದಿನವೂ ಟವೆಲ್ ಇಡಲು ಮಹಡಿ ಮೆಟ್ಟಿಲು ಹತ್ತಿದ್ದೇನೆ, ರೊಸಾಲ್ಬಾ. ಬಾಗಿಲ ಹೊರಗೆ ಇಟ್ಟು ಇಳಿದೆ. ತಟ್ಟಲಿಲ್ಲ.