ಸೆರಗಿನ ಗಂಟಿನ ಕಾಲುಂಗುರ

ಗೋಪನಕೊಪ್ಪ, ಹುಬ್ಬಳ್ಳಿ
೯ ಜೂನ್ ೨೦೨೪

ಪ್ರೀತಿಯ ಐಶೂ,

ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಲಕೋಟೆ ಬಂದು ಬಹಳ ದಿನವಾಯಿತು, ತಡವಾಯಿತೆಂದು ಬೈಯಬೇಡ. ಅದರ ಮೇಲೆ ನಿನ್ನ ವಿಳಾಸವಿರಲಿಲ್ಲ, ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಬರೆಯಲು ಕೂತರೆ ನಡುವೆಯೇ ಎದ್ದು, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ನೋಡುತ್ತೇನೆ. ಈಗಷ್ಟೇ ಮತ್ತೊಮ್ಮೆ ನೋಡಿ ಬಂದೆ.

ತರಬೇತಿ ಕೇಂದ್ರದಲ್ಲಿ ನನ್ನ ಆಭರಣದ ಕ್ಲಾಸು ನಡೆದಿದೆ. ನಿಯಮ ಅದೇ. ಗಣಿಯಿಂದ ಬಂದ ಹೊಸ ಬೆಳ್ಳಿ ಬೇಡ, ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯದನ್ನೇ ತಂದು ಕರಗಿಸಬೇಕು. ಬೆಸುಗೆಯ ಕಪ್ಪು ಬಿಡಿಸಲು ಆ್ಯಸಿಡ್ ಮುಟ್ಟುವ ಹಾಗಿಲ್ಲ, ಹುಣಸೆಹಣ್ಣು ಹಿಂಡಿದ ಬಿಸಿನೀರೇ ಸಾಕು. ಮೇಲ್ವಿಚಾರಕ ಪ್ರಸಾದನಿಗೆ ಇದೆಲ್ಲ ಕಿರಿಕಿರಿ. "ಆ್ಯಸಿಡ್ ಆದರ ಲಗೂ ಮುಗಿತೈತ್ರಿ ಮೇಡಂ," ಎಂದ. "ಮುಗಿತೈತಿ ಖರೇ. ಆ ಹೊಗಿ ಕುಡಿಯೋರು ಈ ಹೆಣ್ಮಕ್ಕಳು, ಉಳಿದಿದ್ದು ಹೋಗೂದು ಓಣಿ ಗಟಾರಕ್ಕ. ನೀವು ಒಂದ ದಿನಾ ಇಲ್ಲಿ ಕುಂತು ನೋಡ್ರಿ," ಎಂದೆ. ಆಮೇಲೆ ಅವನು ಈ ಕಡೆ ಸುಳಿದಿಲ್ಲ.

ನಿನ್ನ ಲಕೋಟೆಯಲ್ಲಿ ಹತ್ತಿ ಸುತ್ತಿದ ಕಾಲುಂಗುರಗಳು, ಜೊತೆಗೊಂದು ಸಾಲು: "ಹಳೆ ಬೆಳ್ಳಿ ಒಗೀಬಾರದು ಅಂತೀಯಲ್ಲವ್ವಾ, ಇವನ್ನೂ ಕರಗಸು." ನಿನ್ನ ಮದುವೆಗೆ ನಾನೇ ಕೂತು ಮಾಡಿದ ಜೋಡಿ. ಗಂಡ ಬದುಕಿರುವಾಗ ಕಾಲುಂಗುರ ತೆಗೆದವರನ್ನು ನಮ್ಮ ಮನೆತನದಲ್ಲಿ ಕಂಡಿಲ್ಲ. ಬೆಳಗಾವಿಯ ಗಂಡನ ಮನೆ ಬಿಟ್ಟೆಯೆಂದು ಅವುಗಳಿಂದಲೇ ತಿಳಿದೆ. ಯಾಕೆಂದು ಕೇಳುವುದಿಲ್ಲ. ನೀನು ಸುಮ್ಮಸುಮ್ಮನೆ ಬಿಟ್ಟು ಬರುವವಳಲ್ಲ.

ದಿನಾ ಅವನ್ನು ಸೆರಗಿಗೆ ಗಂಟು ಹಾಕಿಕೊಂಡು ಕ್ಲಾಸಿಗೆ ಒಯ್ಯುತ್ತೇನೆ, ದಿನಾ ವಾಪಸು ತರುತ್ತೇನೆ. ಮೊನ್ನೆ ನನ್ನ ಬಳಿ ಕಲಿಯುವ ಶೇವಂತೆವ್ವ ತನ್ನ ಕಾಲುಂಗುರ ತಂದಳು. ಗಂಡ ತೀರಿಕೊಂಡಾಗ ತೆಗೆದವು. ಉಳಿದ ಹೆಂಗಸರೆಲ್ಲ ಹಿಂದೆ ಸರಿದರು. ಹಾಗೆ ತೆಗೆದದ್ದನ್ನು ಯಾರೂ ಮುಟ್ಟುವುದಿಲ್ಲ. "ಹಾಕ್ರಿ ಟೀಚರ. ಪೆಟಗ್ಯಾಗ ಇಟ್ಟು ಏನ ಮಾಡ್ಲಿ? ಮೊಮ್ಮಗಳಿಗೆ ಝುಮಕಿ ಆಗ್ತಾವು," ಎಂದಳು. ಮೂಸೆಗೆ ಹಾಕಿ ಉರಿ ಹಿಡಿದೆ. ಕರಗಿದವು. ಹುಣಸೆನೀರಿನಲ್ಲಿ ಅದ್ದಿದಾಗ ಎಲ್ಲ ಬೆಳ್ಳಿಯ ಹಾಗೆ ಅದೂ ಬೆಳ್ಳಗೆ ಬಂತು. ಅದೇ ಉರಿಯಲ್ಲಿ ನಿನ್ನವನ್ನೂ ಹಾಕಬಹುದಿತ್ತು. ಗಂಟು ಬಿಚ್ಚಿದೆ, ಮತ್ತೆ ಕಟ್ಟಿದೆ. ಊರಿಗೆಲ್ಲ ಕಲಿಸುವ ನನಗೆ ಮಗಳದ್ದೆಂದಾಗ ಕೈ ಬರಲಿಲ್ಲ ನೋಡು. ಸಿಟ್ಟು ಬಂತು, ಅದು ನಿನ್ನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರಿಗೂ ಹೆದರಬೇಡ. ಶಿವ ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಅವ್ವ,
ಭಾಗ್ಯಶ್ರೀ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಿಲ್ಲ, ನನ್ನ ವಿದ್ಯಾರ್ಥಿನಿ ಪೂನಮ್ ಕೈಲಿ ಕೊಟ್ಟಿದ್ದೇನೆ. ಅವಳ ಮನೆ ದೇಶಪಾಂಡೆ ನಗರದಲ್ಲಿ. ನಿನ್ನೆ ಕೇಳಿದಳು: "ನಿಮ್ಮ ಐಶ್ವರ್ಯಾ ಅಕ್ಕಾರು ಯುಗಾದಿಯಿಂದ ನಮ್ಮ ಮ್ಯಾಲಿನ ರೂಮಿನ್ಯಾಗ ಅದಾರಲ್ಲರಿ ಟೀಚರ, ಮನಿಗೆ ಯಾಕ ಬರೂದಿಲ್ಲ?" ಗೊತ್ತಿದ್ದವಳಂತೆ ತಲೆಯಾಡಿಸಿದೆ. ಇದೇ ಊರಲ್ಲಿದ್ದುಕೊಂಡು ಕಾಲುಂಗುರವನ್ನು ಅಂಚೆಯಲ್ಲಿ ಕಳಿಸಿದೆಯಲ್ಲ ಮಗಳೇ, ನಾನು ಬಾಗಿಲು ತೆರೆಯುವುದಿಲ್ಲ ಎಂದುಕೊಂಡೆಯಾ? ಅವನ್ನು ನಾನೊಬ್ಬಳೇ ಕರಗಿಸಲಾರೆ. ನೀನು ಬಂದು ನಿನ್ನ ಕೈಯಾರೆ ಮೂಸೆಗೆ ಹಾಕು, ಉರಿ ನಾನು ಹಿಡಿಯುತ್ತೇನೆ.