ನಂಬಿ ಬರೆಯಲಿಲ್ಲ

ದೊಡ್ಡಬಳ್ಳಾಪುರ
2 ಮೇ 2025, ಶುಕ್ರವಾರ

ಪ್ರೀತಿಯ ಮಗಳು ಪುಷ್ಪಾಳಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ಹೇಗಿದ್ದೀಯಮ್ಮಾ? ಮಸ್ಕತ್ತಿನಲ್ಲಿ ಈಗಲೇ ಬೆಂಕಿಯಂಥ ಬಿಸಿಲಿರಬೇಕು. ಆಸ್ಪತ್ರೆಯಲ್ಲಿ ಇಡೀ ದಿನ ನಿಂತು ನಿಂತು ಬಂದಿದ್ದ ಹಿಮ್ಮಡಿ ನೋವು ಕಡಿಮೆಯಾಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು ಎಂದು ನರ್ಸಿಗೆ ನಾನು ಹೇಳಿಕೊಡಬೇಕೇ, ಆದರೂ ಹೇಳುತ್ತೇನೆ. ನನ್ನ ಮಂಡಿ ಹಾಗೇ ಇದೆ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಕೇಳುವ ಕರಿಬೇವಿನ ಗಿಡ ಹೋದ ವಾರದ ಮಳೆಗೆ ಚಿಗುರಿದೆ. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ನಿನ್ನ ಗಂಡ ಜಯರಾಜ ಈಗಲೂ ಗೊಣಗುತ್ತಾನೆ, ನನಗೆ ಆ ಸದ್ದಿಲ್ಲದಿದ್ದರೆ ಊಟ ಸೇರುವುದಿಲ್ಲ. ವಾಟ್ಸಾಪ್ ಇರುವಾಗ ಈ ಮುದುಕ ಕಾಗದ ಹಿಡಿದು ಕುಳಿತಿದ್ದಾನಲ್ಲ ಎಂದು ನಗಬೇಡ. ಕಾರಣವಿದೆ.

ಮೊನ್ನೆ ಭಾನುವಾರದ ಕೃತಜ್ಞತಾ ಆರಾಧನೆಯ ಫೋಟೋಗಳು ನಿನಗೆ ಬಂದಿರುತ್ತವೆ. ನಿನ್ನ ಮಗಳು ಕೆಜಿಯಾ ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತದ್ದು, ಪಾಸ್ಟರ್ ಅವಳ ಹಣೆಗೆ ಎಣ್ಣೆ ಹಚ್ಚಿದ್ದು, ಎಲ್ಲ. ಮೊಮ್ಮಗಳ ಪಕ್ಕದಲ್ಲಿ ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೇನೆ. ಆ ಫೋಟೋ ನನಗೆ ನೋಡಲಾಗುವುದಿಲ್ಲ. ಅದರಲ್ಲಿ ಕಾಣದ್ದನ್ನು ನಾನೇ ಬರೆಯುತ್ತೇನೆ, ಕೇಳು.

ನೀನು ಹೋದ ಮೇಲೆ ನಮ್ಮ ಸಭೆಯಲ್ಲಿ ಶುರುವಾದ ಪದ್ಧತಿ ಇದು. ಪಿಯುಸಿ ಪಾಸಾದ ಮಕ್ಕಳು ಅಂಕಪಟ್ಟಿಯನ್ನು ವೇದಿಕೆಯ ಮೇಜಿನ ಮೇಲಿಟ್ಟು ಸಾಕ್ಷಿ ಹೇಳಬೇಕು, ದೇವರು ನಡೆಸಿದ ರೀತಿಯನ್ನು ನೆನೆಯಬೇಕು. ಅದರಲ್ಲಿ ತಪ್ಪೇನಿಲ್ಲ. ಆದರೆ ಜೀವಶಾಸ್ತ್ರ ಓದಿದ ಮಕ್ಕಳು ಇನ್ನೊಂದು ವಾಕ್ಯ ಸೇರಿಸಬೇಕು: ‘ಜೀವವಿಕಾಸದ ಪಾಠವನ್ನು ಅಂಕಕ್ಕಾಗಿ ಬರೆದೆ, ನಂಬಿ ಬರೆಯಲಿಲ್ಲ.’ ಸಭೆಯೆಲ್ಲ ಆಮೆನ್ ಎನ್ನುತ್ತದೆ. ಅಂಕ ಬೇಡ ಎಂದು ಒಬ್ಬರೂ ಹೇಳುವುದಿಲ್ಲ, ನೋಡು. ಅಂಕಕ್ಕೆ ಚಪ್ಪಾಳೆ ತಟ್ಟಿ, ಅದನ್ನು ತಂದುಕೊಟ್ಟ ಓದಿಗೆ ಉಗಿಯುವುದು. ಇದೇ ಪಾಸ್ಟರಿಗೆ ಹೋದ ವರ್ಷ ಎದೆನೋವು ಬಂದಾಗ ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಟೆಂಟ್ ಹಾಕಿಸಿದೆವು. ದಿನಾ ಬೆಳಿಗ್ಗೆ ಬೆರಳು ಚುಚ್ಚಿಕೊಂಡು ಸಕ್ಕರೆ ನೋಡಿಕೊಳ್ಳದೆ ಕಾಫಿ ಮುಟ್ಟುವವರಲ್ಲ. ಅದಕ್ಕೆ ಯಾವ ವೇದಿಕೆಯಲ್ಲೂ ಕ್ಷಮೆ ಕೇಳಿದ್ದನ್ನು ನಾನು ಕಾಣೆ.

ಕೆಜಿಯಾ ತನ್ನ ಜೀವಶಾಸ್ತ್ರದ ಗಂಗಲಕ್ಷ್ಮಮ್ಮ ಟೀಚರನ್ನು ಆರಾಧನೆಗೆ ಕರೆದಿದ್ದಳು. ನೂರಕ್ಕೆ ತೊಂಬತ್ತೇಳು ತೆಗೆಸಿದ ಟೀಚರ್, ಕರೆಯದೇ ಇರುತ್ತಾಳೆಯೇ? ಆಯಮ್ಮ ರೇಷ್ಮೆ ಸೀರೆ ಉಟ್ಟು, ಒಂದು ಡಬ್ಬ ಮೈಸೂರುಪಾಕು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಚರ್ಚಿನೊಳಗೆ ಬಂದದ್ದು ಅದೇ ಮೊದಲಂತೆ, ಚಪ್ಪಲಿ ಎಲ್ಲಿ ಬಿಡಬೇಕು ಎಂದು ನನ್ನನ್ನೇ ಕೇಳಿದರು. ಮಗು ದೇವರಿಗೆ, ನಿನಗೆ, ಟೀಚರಿಗೆ ವಂದನೆ ಹೇಳಿ ಸುಮ್ಮನಾಯಿತು. ‘ಇನ್ನೊಂದ್ ಮಾತು ಐತಲ್ಲಮ್ಮ’ ಎಂದರು ಪಾಸ್ಟರ್. ಅವಳು ಹಿಂದಿನ ಸಾಲು ನೋಡಿದಳು. ಆಮೇಲೆ ಮುಂದಿನ ಸಾಲಿನಲ್ಲಿ ಹಿರಿಯರ ಕುರ್ಚಿಯಲ್ಲಿ ಕುಳಿತಿದ್ದ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ, ಪುಷ್ಪಾ. ಹೇಳಿಬಿಡಮ್ಮ, ಒಂದು ವಾಕ್ಯ ತಾನೇ ಎನ್ನುವ ಹಾಗೆ. ಅವಳು ಹೇಳಿದಳು. ಟೀಚರ್ ಮೈಸೂರುಪಾಕಿನ ಡಬ್ಬವನ್ನು ಬೆಂಚಿನ ಮೇಲೇ ಬಿಟ್ಟು, ಊಟಕ್ಕೂ ನಿಲ್ಲದೆ ಹೊರಟುಹೋದರು.

ಮೂವತ್ತೊಂದು ವರ್ಷ ಮಿಷನ್ ಶಾಲೆಯ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವನು ನಾನು. ಬೆಳಿಗ್ಗೆ ಪ್ರಾರ್ಥನೆ ಮಾಡಿಯೇ ಬೀಗ ತೆಗೆಯುತ್ತಿದ್ದೆ. ಸೂಕ್ಷ್ಮದರ್ಶಕ ಒರೆಸಿ, ಈರುಳ್ಳಿ ಸಿಪ್ಪೆಯ ಸ್ಲೈಡ್ ಇಡುತ್ತಿದ್ದೆ. ನಿನಗೂ ತೋರಿಸಿದ್ದೆ, ನೆನಪಿದೆಯಾ? ‘ಅಪ್ಪಾ, ಇಟ್ಟಿಗೆ ಜೋಡ್ಸಿದಂಗೈತೆ’ ಎಂದು ಕುಣಿದಿದ್ದೆ. ಒಂದು ದಿನವೂ ಅದರಿಂದ ನನ್ನ ವಿಶ್ವಾಸ ಅಲುಗಾಡಲಿಲ್ಲ. ಅಂಥವನು ತಲೆಯಾಡಿಸಿದೆ. ಪಾಸ್ಟರ್ ಮೇಲಿನ ಅಸಹ್ಯಕ್ಕಿಂತ ನನ್ನ ಮೇಲಿನ ಅಸಹ್ಯವೇ ದೊಡ್ಡದು.

ಸಂಜೆ ನೋಡಿದರೆ ಮಗು ತನ್ನ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕವನ್ನು ರದ್ದಿ ಪೇಪರಿನ ಕಟ್ಟಿಗೆ ಸೇರಿಸಿದ್ದಾಳೆ. ಒಂದೊಂದು ಚಿತ್ರಕ್ಕೂ ಮೂರು ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಿದ್ದ ಹುಡುಗಿ! ಯಾಕಮ್ಮ ಎಂದೆ. ‘ನಂಬ್ದೆ ಬರ್ದಿದ್ದಲ್ವಾ ತಾತ, ಇಟ್ಕೊಂಡು ಏನ್ಮಾಡ್ಲಿ? ಬಿಎಸ್ಸಿನೂ ಬೇಡ ಬಿಡಿ, ಅಪ್ಪ ಹೇಳ್ದಂಗೇ ನರ್ಸಿಂಗ್ ಸೇರ್ತೀನಿ’ ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ, ಮಾಮೂಲಾಗಿ ಹೇಳಿದಳು. ಆ ಕಟ್ಟಿನಿಂದ ಪುಸ್ತಕ ಎಳೆದು ನನ್ನ ಟ್ರಂಕಿನಲ್ಲಿಟ್ಟಿದ್ದೇನೆ.

ನರ್ಸ್ ಕೆಲಸವನ್ನು ಕೀಳು ಎನ್ನುತ್ತಿಲ್ಲಮ್ಮ, ಆ ಕೆಲಸದಿಂದಲೇ ನೀನು ಈ ಮನೆ ನಿಲ್ಲಿಸಿದವಳು. ಆದರೆ ಅವಳಿಗೆ ಬೇಕಾದದ್ದು ಪ್ರಾಣಿಶಾಸ್ತ್ರ. ಜಯರಾಜ ಏನನ್ನುತ್ತಾನೆ ಗೊತ್ತೇ? ‘ಮಾವ, ಆ ಕೋತಿ ಶಾಸ್ತ್ರ ಓದಿ ಏನ್ ಕಿಸೀತಾಳೆ? ನರ್ಸಿಂಗ್ ಮಾಡ್ಲಿ, ಅವರಮ್ಮನ ಹತ್ರಾನೇ ಹೋಗ್ಲಿ.’ ಅವನೊಬ್ಬನೇ ಅಲ್ಲ, ನಮ್ಮವರ ಮನೆಮನೆಯಲ್ಲೂ ಇದೇ ಮಾತು. ವೀಸಾ ಬರುವಷ್ಟು ವಿಜ್ಞಾನ ಬೇಕು, ಪ್ರಶ್ನೆ ಬರುವಷ್ಟು ಬೇಡ. ನೀನೂ ಸ್ಪೀಕರ್ ಫೋನಿನಲ್ಲಿ ‘ಅವರು ಹೇಳ್ದಂಗೇ ಆಗ್ಲಿ ಬಿಡಪ್ಪ’ ಎಂದೆ. ಮಗು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕುಳಿತಿತ್ತು.

ಮಂಗಳವಾರ ಟೀಚರ ಮನೆಗೆ ಹೋಗಿ ಕ್ಷಮೆ ಕೇಳಿದೆ. ನೀರು ಕೊಟ್ಟರು, ಕಾಫಿ ಕೊಟ್ಟರು. ‘ಮಗೂದೇನ್ ತಪ್ಪು ಬಿಡಿ, ದೊಡ್ಡೋರು ಮುಂದೇನೇ ಕೂತಿದ್ರಲ್ಲ’ ಎಂದರು, ಅಷ್ಟೇ. ನಾನು ತಲೆಯಾಡಿಸಿದ್ದನ್ನು ಆಯಮ್ಮ ನೋಡಿದ್ದಾರೆ.

ನಿನ್ನ ಮೇಲೂ ಸಿಟ್ಟಿದೆ, ಆದರೆ ನೀನು ದೂರದಲ್ಲಿ ಒಬ್ಬಳೇ ಇದ್ದೀಯ ಎಂದು ಹೆಚ್ಚು ಬರೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ದಿನಾ ನಿನ್ನ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ದೇವರು ನಿನ್ನನ್ನು ಕಣ್ಣಗುಡ್ಡೆಯಂತೆ ಕಾಯಲಿ.

ನಿನ್ನ ಅಪ್ಪ,
ದೇವದಾನಂ

ಮರೆತೆ: ನಲವತ್ತು ದಿನದ ಪ್ರಾರ್ಥನೆಗೆಂದು ಕೆಜಿಯಾಳ ಅಂಕಪಟ್ಟಿಯನ್ನು ಪಾಸ್ಟರ್ ಚರ್ಚಿನ ಬೀರುವಿನಲ್ಲಿ ಇಟ್ಟಿದ್ದರು. ಸಭೆಯ ಹಿರಿಯನಾದ್ದರಿಂದ ನನ್ನ ಬಳಿಯೂ ಬೀಗದ ಕೈ ಇದೆ. ಇವತ್ತು ಬೆಳಿಗ್ಗೆ ಎತ್ತಿಕೊಂಡು ಬಂದೆ. ನಾಳೆ ಅವಳನ್ನೂ ಟೀಚರನ್ನೂ ಕರೆದುಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುತ್ತೇನೆ, ಬಿಎಸ್ಸಿಗೆ ಅರ್ಜಿ ಹಾಕಲು. ಇಬ್ಬರೂ ಬರುತ್ತೇವೆ ಎಂದಿದ್ದಾರೆ. ಜಯರಾಜನಿಗೆ ಗೊತ್ತಿಲ್ಲ. ಭಾನುವಾರ ಸಾಕ್ಷಿಗೆ ನನ್ನ ಹೆಸರು ಕೊಟ್ಟಿದ್ದೇನೆ, ಒಂದೇ ವಾಕ್ಯ: ಮೂವತ್ತೊಂದು ವರ್ಷ ಆ ಪ್ರಯೋಗಾಲಯದ ಬೀಗ ತೆಗೆದದ್ದು ಸಂಬಳಕ್ಕಾಗಿ ಅಲ್ಲ, ನಂಬಿಯೇ ತೆಗೆದೆ. ಆಮೆನ್ ಎನ್ನುವವರು ಎನ್ನಲಿ. ಕಾಗದ ಮಸ್ಕತ್ತಿಗೆ ಸೇರಲು ಎರಡು ವಾರ ಬೇಕು ಎಂದು ಅಂಚೆ ಕಚೇರಿಯಲ್ಲಿ ಹೇಳಿದರು. ಅದಕ್ಕೇ ಕಾಗದ ಬರೆದೆ. ಫೋನ್ ಮಾಡಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಮತ್ತೆ ತಲೆಯಾಡಿಸಿಬಿಡುತ್ತಿದ್ದೆ.